ಪರದೇಶಿ ಮಕ್ಕಳ ಮಂಗಳವಾರ: ಚರ್ಚ್‌ನ ಪುಕ್ಕಟೆ ಟ್ಯೂಷನ್ ನಡೆಯುವುದು ಹೇಗೆ?

ಹೋಂವರ್ಕ್ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲಿನ ಪ್ರಶ್ನೆ. ಐದು ಯಾರ್ಡ್‌ಗೆ ಎಷ್ಟು ಫೀಟ್? ಒಂಬತ್ತು ವರ್ಷದ ಹುಡುಗ ಪೆನ್ಸಿಲ್ ಕಚ್ಚುತ್ತಾ ಸ್ವಲ್ಪ ಹೊತ್ತು ಕೂತ. ಆಮೇಲೆ ಐದು ಚೌಕ ಬರೆದ. ಪ್ರತಿ ಚೌಕದೊಳಗೆ ಜೋಡಿ ಜೋಡಿಯಾಗಿ ಶೂ ಬರೆಯಲು ಶುರು ಮಾಡಿದ. ಅವನು ಏನು ಮಾಡುತ್ತಿದ್ದಾನೆ ಅಂತ ಗೊತ್ತಾಗಲು ನನಗೆ ಒಂದು ನಿಮಿಷ ಬೇಕಾಯಿತು. ಅವನಿಗೆ ಯಾರ್ಡ್ ಅಂದರೆ ಶಾಲೆಯ ಹಿಂದಿನ ಆಟದ ಅಂಗಳ. ಫೀಟ್ ಅಂದರೆ ಪಾದ. ಐದು ಅಂಗಳದಲ್ಲಿ ಎಷ್ಟು ಪಾದ ಇವೆ? ಮಕ್ಕಳು ಎಷ್ಟು ಜನ ಅಂತಲೇ ಕೊಟ್ಟಿಲ್ಲವಲ್ಲ ಅಂತ ಅವನು ನನ್ನನ್ನೇ ಕೇಳಿದ. ನ್ಯಾಯವಾದ ಪ್ರಶ್ನೆ, ಅಲ್ವಾ?

ನನಗೆ ನಗು ಬರಲಿಲ್ಲ. ನಮ್ಮಲ್ಲೂ ನಡೆಯುವ ಕಾಲೂ ಕಾಲೇ, ಸಕ್ಕರೆ ಕಟ್ಟಿಸುವ ಕಾಲು ಕೆ.ಜಿ.ಯೂ ಕಾಲೇ. ಅಡಿ ಅಂದರೆ ಹೆಜ್ಜೆ, ಅಡಿ ಅಂದರೆ ಹನ್ನೆರಡು ಇಂಚು, ಅಡಿ ಅಂದರೆ ಕೆಳಗೆ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದಿರುವುದರಿಂದ ನಮಗೆ ತೊಡಕಾಗುವುದಿಲ್ಲ, ಅಷ್ಟೇ. ಈ ಹುಡುಗ ಬಂದದ್ದು ದಕ್ಷಿಣ ಅಮೆರಿಕದ ವೆನೆಜುವೆಲಾದಿಂದ, ಅವನ ಭಾಷೆ ಸ್ಪ್ಯಾನಿಷ್. ಅಲ್ಲಿ ನಮ್ಮ ಹಾಗೇ ಮೀಟರು, ಸೆಂಟಿಮೀಟರು. ಗುಣಾಕಾರ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಒಂದು ಯಾರ್ಡ್ ಅಂದರೆ ಮೂರು ಅಡಿ ಅಂತ ಗೊತ್ತಿದ್ದರೆ, ಮೂರು ಐದ್ಲಿ ಹದಿನೈದು ಅಂತ ಹೇಳಲು ಅವನಿಗೆ ಒಂದು ಸೆಕೆಂಡ್ ಸಾಕು. ಅಡ್ಡ ಬಂದದ್ದು ಎರಡು ಇಂಗ್ಲಿಷ್ ಪದ.

ಇದು ನಡೆದದ್ದು ಶಿಕಾಗೊ ನಗರದ ಒಂದು ಚರ್ಚ್‌ನ ನೆಲಮಾಳಿಗೆಯಲ್ಲಿ, ಮಂಗಳವಾರ ಸಂಜೆ ಆರು ಗಂಟೆ ಮೇಲೆ. ನಾನು ಅಲ್ಲಿ ಎರಡು ವರ್ಷ ವಾಲಂಟಿಯರ್ ಆಗಿ ಪಾಠ ಹೇಳಿಕೊಟ್ಟೆ. ಇಂಥ ಟ್ಯೂಷನ್ ಅಮೆರಿಕದ ದೊಡ್ಡ ಊರುಗಳಲ್ಲೆಲ್ಲ ನಡೆಯುತ್ತದೆ. ಊರಿಗೆ ಬಂದಾಗ ಈ ವಿಷಯ ತೆಗೆದರೆ ಜನ ಕೇಳುವುದು ಎರಡೇ ಪ್ರಶ್ನೆ. ಒಂದು, ಅಷ್ಟು ಶ್ರೀಮಂತ ದೇಶದಲ್ಲಿ ಸರ್ಕಾರಿ ಶಾಲೆ ಇರುವಾಗ ಇದು ಯಾಕೆ ಬೇಕು? ಎರಡು, ಮಕ್ಕಳನ್ನು ಕ್ರೈಸ್ತರನ್ನಾಗಿ ಮಾಡುವುದಕ್ಕಾ? ಎರಡಕ್ಕೂ ಉತ್ತರ ಇದೆ. ಆದರೆ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ.

ಮೊದಲು ಹಳೆಯ ಕಥೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಅನ್ನುವ ಪತ್ರಿಕೆ ಮಾಲೀಕರೊಬ್ಬರು ಬಡವರ ಮಕ್ಕಳಿಗೆ ಶಾಲೆ ತೆರೆದರು. ಆ ಊರಲ್ಲಿ ಗುಂಡುಸೂಜಿ ಮಾಡುವ ಕೆಲಸ ಜಾಸ್ತಿ. ಮಕ್ಕಳು ವಾರದಲ್ಲಿ ಆರು ದಿನ ದುಡಿಯುತ್ತಿದ್ದರು. ಬಿಡುವು ಇದ್ದದ್ದು ಭಾನುವಾರ ಮಾತ್ರ. ಹಾಗಾಗಿ ಶಾಲೆಯೂ ಭಾನುವಾರವೇ. ಪಠ್ಯಪುಸ್ತಕ ಬೈಬಲ್, ಕಲಿಯುವುದು ಓದು. ಇವತ್ತು ನಮ್ಮ ಮಂಗಳೂರು, ಧಾರವಾಡದ ಚರ್ಚ್‌ಗಳಲ್ಲಿ ಸಂಡೇ ಸ್ಕೂಲ್ ಅಂದರೆ ಧರ್ಮದ ಪಾಠ ಅಂತಲೇ ಅರ್ಥ. ಆದರೆ ಆಗ ಅದು ಕೂಲಿ ಮಕ್ಕಳ ಅಕ್ಷರದ ಶಾಲೆಯೂ ಆಗಿತ್ತು. ಸರ್ಕಾರ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯ ಮಾಡಿದ್ದು ಅಲ್ಲಿ 1880ರಲ್ಲಿ. ಅಂದರೆ ಸರಿಯಾಗಿ ನೂರು ವರ್ಷ ಆದಮೇಲೆ. ಸರ್ಕಾರದ ಕೈ ತಲುಪದ ಜಾಗದಲ್ಲಿ ಚರ್ಚ್ ಕಾಲಿಡುವುದು ಅಂದಿನಿಂದ ಬಂದ ಅಭ್ಯಾಸ.

ಈಗ ಶಿಕಾಗೊ. ಇಲ್ಲಿ ಕ್ಯಾಬ್ರಿನಿ ಗ್ರೀನ್ ಅಂತ ಒಂದು ಬಡಾವಣೆ ಇತ್ತು. ಸರ್ಕಾರವೇ ಬಡವರಿಗೆ ಕಟ್ಟಿಸಿಕೊಟ್ಟ ಮನೆಗಳು. 1942ರಲ್ಲಿ ಸಾಲುಮನೆಗಳಾಗಿ ಶುರುವಾಗಿ, 1962ರ ಹೊತ್ತಿಗೆ ಎತ್ತರದ ಕಾಂಕ್ರೀಟ್ ಕಟ್ಟಡಗಳಾದವು. ಸುಮಾರು 3,600 ಮನೆ, 15,000 ಜನ. ಹೆಸರು ಬಂದದ್ದು ಫ್ರಾನ್ಸೆಸ್ ಕ್ಯಾಬ್ರಿನಿ ಎಂಬ ಸನ್ಯಾಸಿನಿಯಿಂದ. ಅವರೂ ವಲಸೆ ಬಂದವರೇ. 1889ರಲ್ಲಿ ಇಟಲಿಯಿಂದ ನ್ಯೂಯಾರ್ಕಿಗೆ ಬಂದರು. ಚೀನಾಕ್ಕೆ ಹೋಗಬೇಕು ಅನ್ನುವ ಆಸೆ ಅವರಿಗಿತ್ತು. ಪೂರ್ವಕ್ಕೆ ಬೇಡ, ಪಶ್ಚಿಮಕ್ಕೆ ಹೋಗು ಅಂತ ಪೋಪ್ ಹೇಳಿ ಕಳಿಸಿದರು. ಕಾರಣ, ಅಮೆರಿಕಕ್ಕೆ ಹಡಗಿನಲ್ಲಿ ಬಂದಿಳಿಯುತ್ತಿದ್ದ ಇಟಲಿಯ ಬಡವರನ್ನು ಕೇಳುವವರೇ ಇರಲಿಲ್ಲ. ಇನ್ನೊಂದು ಭಯವೂ ಇತ್ತು. ಪ್ರಾಟೆಸ್ಟಂಟ್ ಪಂಗಡದವರು ಶಾಲೆ, ಊಟ, ಬಟ್ಟೆ ಕೊಟ್ಟು ಕ್ಯಾಥೊಲಿಕ್ ಮಕ್ಕಳನ್ನು ತಮ್ಮ ಕಡೆ ಎಳೆದುಕೊಂಡರೆ? ಈ ಆರೋಪ ಕ್ರೈಸ್ತರು ತಮ್ಮತಮ್ಮಲ್ಲೇ ಮಾಡಿಕೊಂಡದ್ದು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕ್ಯಾಬ್ರಿನಿ ಶಾಲೆ, ಆಸ್ಪತ್ರೆ, ಅನಾಥಾಲಯ ಎಲ್ಲ ಸೇರಿ 67 ಸಂಸ್ಥೆ ಕಟ್ಟಿದರು. 1917ರಲ್ಲಿ ಶಿಕಾಗೊದಲ್ಲೇ ತೀರಿಕೊಂಡರು. ಈಗ ಕ್ಯಾಥೊಲಿಕ್ಕರಿಗೆ ಅವರು ವಲಸಿಗರನ್ನು ಕಾಯುವ ಸಂತರು.

ಅವರ ಹೆಸರಿನ ಬಡಾವಣೆಯಲ್ಲಿ 1960ರ ದಶಕದ ಹೊತ್ತಿಗೆ ಇದ್ದವರು ಹೆಚ್ಚುಕಡಿಮೆ ಎಲ್ಲರೂ ಕರಿಯರು. ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳು. ಅಲ್ಲಿಂದ ಪೂರ್ವಕ್ಕೆ ಒಂದು ಮೈಲಿಯಷ್ಟು ನಡೆದರೆ ಮಿಷಿಗನ್ ಅವೆನ್ಯೂ. ಒಡವೆ ಅಂಗಡಿ, ದೊಡ್ಡ ಹೋಟೆಲುಗಳ ಬೀದಿ. ಆ ಬೀದಿಯಲ್ಲೇ ಫೋರ್ತ್ ಪ್ರೆಸ್ಬಿಟೇರಿಯನ್ ಅನ್ನುವ ಕಲ್ಲಿನ ಚರ್ಚ್ ಇದೆ. 1964ರಲ್ಲಿ ಆ ಚರ್ಚ್‌ನವರು ಕ್ಯಾಬ್ರಿನಿ ಮಕ್ಕಳಿಗೆ ಟ್ಯೂಷನ್ ಶುರು ಮಾಡಿದರು. ಮರುವರ್ಷ, 1965ರಲ್ಲಿ, ಬಡಾವಣೆಯ ಪಕ್ಕದಲ್ಲೇ ಕಚೇರಿ ಇದ್ದ ಮಾಂಟ್ಗೊಮರಿ ವಾರ್ಡ್ ಕಂಪನಿಯ ನೌಕರರು ಬೇರೊಂದು ಟ್ಯೂಷನ್ ತೆರೆದರು. ಅದು ಚರ್ಚ್‌ನದ್ದಲ್ಲ. ಎರಡೂ ಇವತ್ತಿಗೂ ಬೇರೆ ಬೇರೆ ಹೆಸರಲ್ಲಿ ನಡೆಯುತ್ತಿವೆ. ಕ್ಯಾಬ್ರಿನಿಯ ಎತ್ತರದ ಕಟ್ಟಡಗಳು ಮಾತ್ರ ಇಲ್ಲ. ಕೊನೆಯದನ್ನು 2011ರಲ್ಲಿ ಕೆಡವಿದರು. ಕುಟುಂಬಗಳು ಊರಿನ ನಾಲ್ಕೂ ದಿಕ್ಕಿಗೆ ಚದುರಿದವು. ಆ ಜಾಗದ ಅಕ್ಕಪಕ್ಕ ಈಗ ಹೊಸ ಅಪಾರ್ಟ್‌ಮೆಂಟುಗಳು, ಕಾಫಿ ಅಂಗಡಿಗಳು. ಮನೆ ಹೋಗಿ ಟ್ಯೂಷನ್ ಉಳಿಯಿತು. ನನಗೆ ಇದರಲ್ಲಿ ಖುಷಿಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ಇನ್ನೂ ಗೊತ್ತಾಗಿಲ್ಲ.

2022ರ ಆಗಸ್ಟ್ ಕೊನೆಯಲ್ಲಿ ಟೆಕ್ಸಾಸ್ ರಾಜ್ಯದವರು ಮೆಕ್ಸಿಕೊ ಗಡಿ ದಾಟಿ ಬಂದವರನ್ನು ಬಸ್ಸು ಹತ್ತಿಸಿ ಶಿಕಾಗೊಗೆ ಕಳಿಸಲು ಶುರು ಮಾಡಿದರು. ಎರಡು ವರ್ಷದಲ್ಲಿ ಬಂದವರು 50 ಸಾವಿರಕ್ಕೂ ಜಾಸ್ತಿ, ಅವರಲ್ಲಿ ವೆನೆಜುವೆಲಾದವರೇ ಹೆಚ್ಚು. ಪೊಲೀಸ್ ಠಾಣೆಯ ನೆಲದ ಮೇಲೆ ಮಲಗಿದರು. ಕೆಲವು ಚರ್ಚ್‌ಗಳು ನೆಲಮಾಳಿಗೆ ಬಿಟ್ಟುಕೊಟ್ಟವು. ಚಳಿಗಾಲದಲ್ಲಿ ಜಾಕೆಟ್ ಹಂಚಿದ ಕೈಗಳೇ ಆಮೇಲೆ ಹೋಂವರ್ಕ್ ಪುಸ್ತಕ ಹಿಡಿದವು. ಇದರ ಬಗ್ಗೆ ಊರಲ್ಲಿ ಗೊಣಗಾಟವೂ ಇತ್ತು. 2013ರಲ್ಲಿ ಈ ಊರು ಒಂದೇ ಏಟಿಗೆ ಸುಮಾರು 50 ಸರ್ಕಾರಿ ಶಾಲೆ ಮುಚ್ಚಿತ್ತು. ಹೆಚ್ಚಿನವು ಕರಿಯ ಮಕ್ಕಳು ಓದುತ್ತಿದ್ದವು. ಆಗ ಇಲ್ಲದ ದುಡ್ಡು ಈಗ ಹೊಸಬರಿಗೆ ಎಲ್ಲಿಂದ ಬಂತು ಅಂತ ಹಳಬರು ಕೇಳಿದರು. ತಪ್ಪು ಅನ್ನಲಾಗದು. ನಮ್ಮ ಟ್ಯೂಷನ್‌ನಲ್ಲಿ ಈ ಎರಡೂ ಕಡೆಯ ಮಕ್ಕಳು ಅಕ್ಕಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು.

ಕನ್ನಡದಲ್ಲಿ ಇವರಿಬ್ಬರಿಗೂ ಒಂದೇ ಪದ ಇದೆ ನೋಡಿ. ಪರದೇಶಿ. ಬೇರೆ ದೇಶದವನು ಅನ್ನುವುದು ಅಕ್ಷರದ ಅರ್ಥ. ಆದರೆ "ಪಾಪ, ಪರದೇಶಿ ಮಗು" ಅಂತ ಅಜ್ಜಿ ಹೇಳಿದರೆ ಅದು ಪಾಸ್‌ಪೋರ್ಟಿನ ಮಾತಲ್ಲ, ಹಿಂದೆ ಮುಂದೆ ಯಾರೂ ಇಲ್ಲದ ಮಗು ಅಂತ. ಕನ್ನಡ ಬೈಬಲ್‌ನಲ್ಲಿ ಯೇಸು "ಪರದೇಶಿಯಾಗಿದ್ದೆ, ನನ್ನನ್ನು ಸೇರಿಸಿಕೊಂಡಿರಿ" ಅನ್ನುವ ಅರ್ಥದ ಮಾತು ಹೇಳುವಾಗ ಎರಡೂ ಅರ್ಥ ಒಟ್ಟಿಗೆ ಬರುತ್ತವೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಮಾತು ಅದು. ಯಾಕೆ ಈ ಕೆಲಸ ಮಾಡುತ್ತೀರಿ ಅಂತ ಕೇಳಿದರೆ ಚರ್ಚ್‌ನವರು ಮೊದಲು ತೋರಿಸುವುದು ಇದನ್ನೇ.

ವಚನ ಒಂದೇ ಸಾಲದು, ಜಾಗವೂ ಬೇಕು. ಅಮೆರಿಕದ ಊರುಗಳ ಮಧ್ಯೆ ಹಳೆಯ ಚರ್ಚ್‌ಗಳಿಗೆ ದೊಡ್ಡ ದೊಡ್ಡ ನೆಲಮಾಳಿಗೆ, ಅಡುಗೆಮನೆ, ಮಡಚುವ ಮೇಜು ಇವೆ. ವಾರದಲ್ಲಿ ಆರು ದಿನ ಖಾಲಿ. ಜೊತೆಗೆ ನಿವೃತ್ತ ಟೀಚರುಗಳು, ಆಫೀಸು ಮುಗಿಸಿ ಬರುವ ಹುಡುಗ ಹುಡುಗಿಯರು. ಬಾಡಿಗೆ ಇಲ್ಲ, ಸಂಬಳ ಇಲ್ಲ. ಹಾಗಾಗಿ ನಡೆಯುತ್ತದೆ.

ಇನ್ನು ಮೊದಲ ಪ್ರಶ್ನೆ. ಶಾಲೆ ಇರುವಾಗ ಯಾಕೆ?

ಶಾಲೆ ಖಂಡಿತ ಇದೆ. ಕಾನೂನೂ ಗಟ್ಟಿಯಾಗಿದೆ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ಇಂಗ್ಲಿಷ್ ಬಾರದ ಮಗುವಿಗೆ ಎಲ್ಲರಿಗೆ ಕೊಟ್ಟ ಅದೇ ಪುಸ್ತಕ, ಅದೇ ಬೆಂಚು ಕೊಟ್ಟು ಕೈ ತೊಳೆದುಕೊಂಡರೆ ಅದು ಸಮಾನತೆ ಅಲ್ಲ, ಭಾಷೆಗೆ ಸಹಾಯವನ್ನೂ ಮಾಡಬೇಕು. 1982ರಲ್ಲಿ ಟೆಕ್ಸಾಸ್‌ನ ಪ್ರಕರಣದಲ್ಲಿ ಐದಕ್ಕೆ ನಾಲ್ಕು ಮತದಲ್ಲಿ ಇನ್ನೊಂದು ತೀರ್ಪು ಬಂತು. ಅಪ್ಪ ಅಮ್ಮನ ಹತ್ತಿರ ಕಾಗದಪತ್ರ ಇಲ್ಲ ಅಂತ ಮಗುವನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ. ಶಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲಂತೂ ಒಂದು ಶಾಲೆಯಲ್ಲಿ ಒಂದೇ ಭಾಷೆಯ 20 ಇಂಗ್ಲಿಷ್ ಕಲಿಕೆಯ ಮಕ್ಕಳಿದ್ದರೆ ಅವರ ಭಾಷೆಯಲ್ಲೂ ಪಾಠ ಹೇಳುವ ವ್ಯವಸ್ಥೆ ಆಗಬೇಕು.

ಆದರೆ 20ರ ಬದಲು ಆರು ಮಕ್ಕಳಿದ್ದರೆ? ಸ್ಪ್ಯಾನಿಷ್ ಬರುವ ಟೀಚರೇ ಸಿಗದಿದ್ದರೆ? ದೇಶದ ಸರ್ಕಾರಿ ಶಾಲೆಗಳಲ್ಲಿ ಸುಮಾರು ಹತ್ತು ಮಕ್ಕಳಲ್ಲಿ ಒಬ್ಬರು ಇಂಗ್ಲಿಷ್ ಕಲಿಯುತ್ತಿರುವವರು. ಒಟ್ಟು 50 ಲಕ್ಷಕ್ಕೂ ಹೆಚ್ಚು. ಟೀಚರು ಇದ್ದರೂ ಒಬ್ಬ ಹುಡುಗನ ಐದು ಅಂಗಳ, ಹತ್ತು ಶೂ ನೋಡಿ "ಓ, ಇದು ಹೀಗೆ ಯೋಚಿಸಿದ್ದಾನೆ" ಅನ್ನುವಷ್ಟು ಪುರುಸೊತ್ತು ಅವರಿಗೆ ಎಲ್ಲಿ? ಉತ್ತರ ತಪ್ಪು ಅಂತ ಗೀಟು ಎಳೆದು ಮುಂದೆ ಹೋಗುತ್ತಾರೆ.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. ಮಗು ಆರು ತಿಂಗಳಲ್ಲಿ ಆಟದ ಬಯಲಲ್ಲಿ ಪಟಪಟ ಇಂಗ್ಲಿಷ್ ಮಾತಾಡುತ್ತದೆ. ಎಲ್ಲರೂ "ಕಲಿತುಬಿಟ್ಟ" ಅಂದುಕೊಳ್ಳುತ್ತಾರೆ. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರ ಸುಮಾರಿಗೇ ಇದನ್ನು ಎರಡು ಪಾಲು ಮಾಡಿ ತೋರಿಸಿದರು. ಆಟದ, ಜಗಳದ, ತಿಂಡಿ ಕೇಳುವ ಭಾಷೆ ಒಂದೆರಡು ವರ್ಷದಲ್ಲಿ ಬರುತ್ತದೆ. ಪಾಠದ ಭಾಷೆ ಬೇರೆ. "ಹೋಲಿಸಿ", "ಕಾರಣ ಕೊಡಿ", "ಅಂದಾಜು ಮಾಡಿ" ಅನ್ನುವಂಥ ಪ್ರಶ್ನೆಗಳ ಭಾಷೆ. ಅದಕ್ಕೆ ಐದರಿಂದ ಏಳು ವರ್ಷ ಹಿಡಿಯುತ್ತದೆ. ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಂಟೀನಿನ ಇಂಗ್ಲಿಷ್ ನವೆಂಬರ್‌ಗೇ ಬಂದಿರುತ್ತದೆ. ಫಿಸಿಕ್ಸ್ ಪುಸ್ತಕದ ಇಂಗ್ಲಿಷ್ ಪರೀಕ್ಷೆ ಬಂದರೂ ಬಂದಿರುವುದಿಲ್ಲ.

ಓದುವ ಕಷ್ಟ ಇನ್ನೊಂದು ಥರ. ಸ್ಪ್ಯಾನಿಷ್ ಹೆಚ್ಚುಕಡಿಮೆ ನಮ್ಮ ಕನ್ನಡದ ಹಾಗೆ, ಬರೆದದ್ದನ್ನೇ ಓದುವುದು. ಇಂಗ್ಲಿಷ್ ಹಾಗಲ್ಲವಲ್ಲ. ನಮ್ಮ ಹುಡುಗ 'ಶಿಪ್' ಅನ್ನುವುದನ್ನು 'ಶೀಪ್' ಅಂತಲೇ ಓದುತ್ತಿದ್ದ. ಹಡಗು ಹೋಗಿ ಕುರಿ ಬಂತು. ಹ್ರಸ್ವ ದೀರ್ಘ ನಮಗೆ ಕಾಗುಣಿತದಲ್ಲೇ ಬಂದಿರುತ್ತದೆ. ಸ್ಪ್ಯಾನಿಷ್ ಕಿವಿಗೆ ಆ ವ್ಯತ್ಯಾಸ ಇಲ್ಲ. ಆಗ ನಾನು ಕನ್ನಡದ ಕಿ, ಕೀ ಬರೆದು ತೋರಿಸಿದೆ. ಗುಡಿಸು ಹಾಕಿದರೆ ಗಿಡ್ಡ, ಪಕ್ಕದಲ್ಲಿ ಬಾಲ ಬಂದರೆ ಉದ್ದ. ಅವನಿಗೆ ಬಾಲ ಬಹಳ ಇಷ್ಟವಾಯಿತು. ಉದ್ದ ಸ್ವರ ಬಂದಲ್ಲೆಲ್ಲ ಇಂಗ್ಲಿಷ್ ಪದಕ್ಕೂ ಪೆನ್ಸಿಲ್‌ನಿಂದ ಒಂದು ಬಾಲ ಎಳೆಯಲು ಶುರು ಮಾಡಿದ.

ಆಮೇಲೆ ಬಂತು ಮೂಗ ಅಕ್ಷರ. 'ಹಾಪ್' ಅಂದರೆ ಕುಪ್ಪಳಿಸು. ಕೊನೆಗೆ ಒಂದು 'ಈ' ಅಂಟಿಸಿದರೆ 'ಹೋಪ್', ಅಂದರೆ ಆಸೆ. 'ಕಿಟ್' ಹೋಗಿ 'ಕೈಟ್' ಆಗುತ್ತದೆ. ಆ 'ಈ' ತಾನು ಬಾಯಿ ಬಿಡುವುದಿಲ್ಲ, ಹಿಂದೆ ಕೂತವನನ್ನು ಜೋರಾಗಿ ಕೂಗಿಸುತ್ತದೆ. ಇಷ್ಟು ಹೇಳಿಕೊಡಲು ನಮಗೆ ಮೂರು ಮಂಗಳವಾರ ಬೇಕಾಯಿತು. ಅವನು ಬರೆಯುವಾಗ ಆ ಅಕ್ಷರ ಬಿಟ್ಟೇ ಬಿಡುತ್ತಿದ್ದ. ಕೇಳಿಸದ ಅಕ್ಷರವನ್ನು ಯಾಕೆ ಬರೆಯಬೇಕು ಅನ್ನುವುದು ಅವನ ವಾದ. "ಪ್ರೊಫೆ, ಇದು ಸುಮ್ನೆ ಕೂತಿದೆ" ಅನ್ನುತ್ತಿದ್ದ. ಪ್ರೊಫೆ ಅಂದರೆ ಅವರ ಕಡೆ ಮೇಷ್ಟ್ರು.

ಇದಕ್ಕೆಲ್ಲ ಅವಸರ ಯಾಕೆ ಅಂದರೆ ಮೂರನೇ ತರಗತಿ. ಅಲ್ಲಿಯವರೆಗೆ ಮಕ್ಕಳು ಓದುವುದನ್ನು ಕಲಿಯುತ್ತಾರೆ. ಅಲ್ಲಿಂದ ಮುಂದೆ ಓದಿ ಕಲಿಯಬೇಕು. ಸುಮಾರು 4,000 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಬಂತು. ಮೂರನೇ ತರಗತಿಯಲ್ಲಿ ಸರಿಯಾಗಿ ಓದಲು ಬಾರದವರು ಹೈಸ್ಕೂಲು ಮುಗಿಸದೆ ಬಿಡುವ ಸಾಧ್ಯತೆ ಉಳಿದವರಿಗಿಂತ ನಾಲ್ಕು ಪಟ್ಟು ಅಂತ ಅದರಲ್ಲಿ ಕಂಡುಬಂತು.

ಮನೆಯಲ್ಲಿ ಹೇಳಿಕೊಡಬಹುದಲ್ಲ ಅನ್ನಬಹುದು. ನಮ್ಮ ಹುಡುಗನ ಅಪ್ಪ ಭಾಗಾಕಾರ ಚೆನ್ನಾಗಿ ಬಲ್ಲವರು. ಆದರೆ ಲ್ಯಾಟಿನ್ ಅಮೆರಿಕದ ಬಹಳ ಕಡೆ ಭಾಜಕವನ್ನು ಬಲಗಡೆ ಬರೆಯುತ್ತಾರೆ. ಅಮೆರಿಕದಲ್ಲಿ ನಮ್ಮ ಹಾಗೆ ಎಡಗಡೆ. ಅಪ್ಪ ಹೇಳಿಕೊಟ್ಟ ಹಾಗೆ ಬರೆದುಕೊಂಡು ಹೋದರೆ ಶಾಲೆಯಲ್ಲಿ ಗೊಂದಲ. "ನಮ್ಮಪ್ಪನಿಗೆ ಬರಲ್ಲ" ಅಂತ ಹುಡುಗ ನನಗೆ ಹೇಳಿದ. ನಾನು ಎರಡೂ ರೀತಿ ಪಕ್ಕಪಕ್ಕ ಬರೆದೆ. ಉತ್ತರ ಒಂದೇ ಬಂತು. ಆ ಹಾಳೆಯನ್ನು ಮನೆಗೆ ಕಳಿಸಿದೆ. ಟ್ಯೂಷನ್‌ಗೆ ಬರುವ ಮಗು ಅಪ್ಪ ಅಮ್ಮನಿಗಿಂತ ಟ್ಯೂಷನ್ ಮೇಷ್ಟ್ರು ಬುದ್ಧಿವಂತ ಅಂದುಕೊಂಡು ಮನೆಗೆ ಹೋದರೆ, ನಾವು ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಜಾಸ್ತಿ ಅಂತ ನನ್ನ ಲೆಕ್ಕ.

ಸರಿ, ಎರಡನೇ ಪ್ರಶ್ನೆಗೆ ಬರೋಣ. ಮತಾಂತರ.

ಕ್ರೈಸ್ತರ ಟ್ಯೂಷನ್ ಅಂದರೆ ಒಂದೇ ಥರ ಅಲ್ಲ. ಕನಿಷ್ಠ ಮೂರು ಬಗೆ ಇವೆ. ಫೋರ್ತ್ ಪ್ರೆಸ್ಬಿಟೇರಿಯನ್ ಥರದ ಚರ್ಚ್‌ಗಳಲ್ಲಿ ಪಾಠ ಪಾಠವೇ, ಪ್ರಾರ್ಥನೆ ಪ್ರಾರ್ಥನೆಯೇ. ಪಾಠ ಹೇಳುವವರು ಕ್ರೈಸ್ತರೇ ಆಗಬೇಕು ಅಂತಲೂ ಇಲ್ಲದ ಕಡೆ ಬಹಳ ಇವೆ. ನಾನಿದ್ದದ್ದೂ ಅಂಥ ಜಾಗ. ನನ್ನ ಹೆಸರು ಕೇಳಿದರು, ಧರ್ಮ ಕೇಳಲಿಲ್ಲ.

ಎರಡನೇ ಬಗೆ ನನಗೆ ವಿಚಿತ್ರ ಅನ್ನಿಸಿತು, ಇಷ್ಟವೂ ಆಯಿತು. ಮಿಷಿಗನ್ ರಾಜ್ಯದಲ್ಲಿ 1995ರಲ್ಲಿ ಶುರುವಾದ ಕಿಡ್ಸ್ ಹೋಪ್ ಅನ್ನುವ ಸಂಸ್ಥೆ ಇದೆ. ಒಂದು ಚರ್ಚ್ ಒಂದು ಸರ್ಕಾರಿ ಶಾಲೆಯನ್ನು ಹಿಡಿದುಕೊಳ್ಳುತ್ತದೆ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ವಾರಕ್ಕೆ ಒಂದು ಗಂಟೆ ಶಾಲೆಯಲ್ಲೇ ಕೂರುತ್ತಾರೆ. ಅಲ್ಲಿ ಧರ್ಮದ ಮಾತು ಎತ್ತುವಂತಿಲ್ಲ. ಆದರೆ ಚರ್ಚ್‌ನಲ್ಲಿ ಇನ್ನೊಬ್ಬರು ಇರುತ್ತಾರೆ. ಆ ಜೋಡಿಗಾಗಿ ಪ್ರಾರ್ಥನೆ ಮಾಡುವುದಷ್ಟೇ ಅವರ ಕೆಲಸ. ಮಗುವಿನ ಕಣ್ಣಿಗೆ ಬೀಳುವುದು ಓದಿಸುವವರು ಮಾತ್ರ.

ಮೂರನೇ ಬಗೆ ಮುಚ್ಚುಮರೆ ಇಲ್ಲದ್ದು. ಇದೇ ಕ್ಯಾಬ್ರಿನಿ ಗ್ರೀನ್‌ನಲ್ಲಿ 2001ರಲ್ಲಿ ಮೂಡಿ ಚರ್ಚ್‌ನ ಜೊತೆಗೆ 16 ಮಕ್ಕಳಿಂದ ಶುರುವಾದ ಬೈ ದ ಹ್ಯಾಂಡ್ ಕ್ಲಬ್ ಅಂಥದ್ದು. ಮನಸ್ಸು, ದೇಹ, ಆತ್ಮ ಮೂರನ್ನೂ ನೋಡಿಕೊಳ್ಳುತ್ತೇವೆ ಅಂತ ಬೋರ್ಡ್ ಹಾಕಿಕೊಂಡೇ ಹೇಳುತ್ತಾರೆ. ಹೋಂವರ್ಕಿನ ಜೊತೆ ಬಿಸಿ ಊಟ, ಜೊತೆಗೆ ಬೈಬಲ್.

ಕಾನೂನು ಇದನ್ನೆಲ್ಲ ಹೇಗೆ ನೋಡುತ್ತದೆ? ಸರ್ಕಾರಿ ಶಾಲೆ ತಾನೇ ಮಕ್ಕಳಿಂದ ಪ್ರಾರ್ಥನೆ ಹೇಳಿಸುವಂತಿಲ್ಲ ಅಂತ 1962ರಲ್ಲೇ ತೀರ್ಪಾಗಿದೆ. ಆದರೆ ಶಾಲೆ ಬಿಟ್ಟ ಮೇಲೆ ಸ್ಕೌಟ್ಸ್‌ಗೋ ಬೇರೆ ಕ್ಲಬ್ಬಿಗೋ ಕೊಠಡಿ ಕೊಡುವ ಶಾಲೆ, ಧರ್ಮದ ಕ್ಲಬ್ಬು ಅನ್ನುವ ಒಂದೇ ಕಾರಣಕ್ಕೆ ಇಲ್ಲ ಅನ್ನುವಂತಿಲ್ಲ ಅಂತ 2001ರಲ್ಲಿ ಇನ್ನೊಂದು ತೀರ್ಪು ಬಂತು. ಚರ್ಚ್‌ನ ಸ್ವಂತ ನೆಲಮಾಳಿಗೆಯಲ್ಲಂತೂ ಅಪ್ಪ ಅಮ್ಮ ಒಪ್ಪಿ ಕಳಿಸಿದರೆ ಬೈಬಲ್ ಹೇಳಿಕೊಡುವುದಕ್ಕೆ ಅಡ್ಡಿ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೂರನೇ ಬಗೆಯಲ್ಲೂ ತಪ್ಪಿಲ್ಲ, ಒಂದು ಷರತ್ತಿನ ಮೇಲೆ. ಬೋರ್ಡ್ ಹೊರಗೆ ಇರಬೇಕು, ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷ್ ಬಾರದ ಅಮ್ಮನ ಹತ್ತಿರ ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. ಮತ್ತೆ, ಮಗು ಪ್ರಾರ್ಥನೆಗೆ ಕೂರದಿದ್ದರೆ ಊಟದ ತಟ್ಟೆ ದೂರ ಹೋಗಬಾರದು. ಹಸಿದ ಹೊಟ್ಟೆ, ಬೇಕಾದ ಪಾಠ ಎದುರಿಗಿರುವಾಗ "ಇಷ್ಟ ಇದ್ದರೆ ಮಾತ್ರ" ಅನ್ನುವ ಮಾತಿಗೆ ಎಷ್ಟು ಬೆಲೆ? ಇಟಲಿಯ ಮಕ್ಕಳ ಬಗ್ಗೆ ಕ್ಯಾಥೊಲಿಕ್ಕರು ನೂರು ವರ್ಷದ ಹಿಂದೆ ಪ್ರಾಟೆಸ್ಟಂಟರನ್ನು ಕೇಳಿದ್ದೂ ಇದನ್ನೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆ, ಅಚ್ಚುಕೂಟ ತೆರೆದ ಕಥೆ ಗೊತ್ತಿರುವ ಕರಾವಳಿಯವರಿಗೂ ಈ ಪ್ರಶ್ನೆ ಹೊಸದಲ್ಲ. ಅವರು ಕೊಟ್ಟ ಅಕ್ಷರ, ನಿಘಂಟು ನಾವು ಇಟ್ಟುಕೊಂಡಿದ್ದೇವೆ. ಅವರ ಉದ್ದೇಶದ ಬಗ್ಗೆ ಇವತ್ತಿಗೂ ವಾದ ಮಾಡುತ್ತೇವೆ.

ಹಾಗಾದರೆ ಈ ಟ್ಯೂಷನ್‌ನಿಂದ ಉಪಯೋಗ ಆಗುತ್ತದಾ? ಇಲ್ಲಿ ನಾನು ಚರ್ಚ್‌ನವರಿಗೆ ಬೇಜಾರಾಗುವಂಥದ್ದು ಹೇಳಬೇಕು.

1984ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಒಂದು ಪ್ರಬಂಧ ಬರೆದರು. ಒಬ್ಬರಿಗೊಬ್ಬರಂತೆ ಕೂತು ಕಲಿತ ಸಾಧಾರಣ ವಿದ್ಯಾರ್ಥಿ, ತರಗತಿಯಲ್ಲಿ ಕಲಿತ ನೂರರಲ್ಲಿ 98 ಜನರನ್ನು ಹಿಂದೆ ಹಾಕುತ್ತಾನೆ ಅಂದರು. ಟ್ಯೂಷನ್ ನಡೆಸುವ ಎಲ್ಲರೂ ಇದನ್ನು ಹೇಳುತ್ತಲೇ ಇರುತ್ತಾರೆ. ಆಮೇಲಿನ ಸಂಶೋಧನೆಗಳಲ್ಲಿ ಅಷ್ಟು ದೊಡ್ಡ ಲಾಭ ಕಾಣಲಿಲ್ಲ. 2020ರಲ್ಲಿ 96 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ನೋಡಿದ ಒಂದು ವಿಮರ್ಶೆ ಬಂತು. ಟ್ಯೂಷನ್‌ನಿಂದ ಲಾಭ ಇದೆ, ಚೆನ್ನಾಗಿಯೇ ಇದೆ. ಆದರೆ ಟೀಚರುಗಳು, ತರಬೇತಿ ಪಡೆದ ಸಹಾಯಕರು ಹೇಳಿಕೊಟ್ಟರೆ ಜಾಸ್ತಿ, ವಾಲಂಟಿಯರುಗಳು ಹೇಳಿಕೊಟ್ಟರೆ ಕಡಿಮೆ. ಶಾಲೆಯ ಹೊತ್ತಿನಲ್ಲಿ ನಡೆದರೆ ಜಾಸ್ತಿ, ಸಂಜೆ ನಡೆದರೆ ಕಡಿಮೆ. ಅಂದರೆ ನಾವು ಮಾಡುತ್ತಿದ್ದದ್ದು ಎರಡೂ ಕಡೆ ಕಡಿಮೆಯ ಸಾಲಿನಲ್ಲೇ.

ಇದೇ ಊರಿನಲ್ಲಿ ಸಾಗಾ ಅನ್ನುವ ಸಂಸ್ಥೆ ಸರ್ಕಾರಿ ಹೈಸ್ಕೂಲುಗಳಲ್ಲಿ ದಿನಾ ಒಂದು ಪೀರಿಯಡ್ಡು, ಇಬ್ಬರು ಮಕ್ಕಳಿಗೆ ಒಬ್ಬರಂತೆ ಗಣಿತ ಹೇಳಿಕೊಟ್ಟಿದೆ. ಸಂಬಳ ಕೊಟ್ಟು ಇಟ್ಟುಕೊಂಡ ಯುವಕ ಯುವತಿಯರು. ಅದರ ಫಲ ಅಂಕಗಳಲ್ಲಿ ಎದ್ದು ಕಂಡಿದೆ. ಖರ್ಚೂ ಹಾಗೇ, ಒಂದು ಮಗುವಿಗೆ ವರ್ಷಕ್ಕೆ ಸಾವಿರಾರು ಡಾಲರ್. ವಾರಕ್ಕೊಂದು ಸಂಜೆಯ ಟ್ಯೂಷನ್ ಅದಕ್ಕೆ ಸಾಟಿ ಅಂತ ಹೇಳಿದರೆ ಸುಳ್ಳಾಗುತ್ತದೆ.

ಮತ್ತೆ ಇದು ಯಾಕೆ? ಅದನ್ನು ನಾನು ಕಲಿತದ್ದು ತಪ್ಪು ಮಾಡಿ. ಮೊದಲ ವರ್ಷ ಅಕ್ಟೋಬರ್ ಕೊನೆಯಲ್ಲಿ ಆಫೀಸಿನಲ್ಲಿ ರಿಲೀಸ್ ಇತ್ತು, ಜೊತೆಗೆ ದೀಪಾವಳಿ. ಎರಡು ಮಂಗಳವಾರ ಹೋಗಲಿಲ್ಲ. ಒಂದಕ್ಕೆ ತಿಳಿಸಿದ್ದೆ, ಇನ್ನೊಂದಕ್ಕೆ ಅದನ್ನೂ ಮಾಡಿರಲಿಲ್ಲ. ಮೂರನೇ ವಾರ ಹೋದಾಗ ಹುಡುಗ ಕುರ್ಚಿ ತಿರುಗಿಸಿಕೊಂಡು ಗೋಡೆ ನೋಡುತ್ತಾ ಕೂತ. ಆ ದಿನ ಒಂದು ಅಕ್ಷರ ಬರೆಯಲಿಲ್ಲ. ನಡೆಸುವ ಅಮ್ಮ, ನಿವೃತ್ತ ಟೀಚರು, ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು. "ಅವನಿಗೆ ಪಾಠ ತಪ್ಪಿತು ಅಂತ ಅಲ್ಲ. ಅವನ ಬದುಕಲ್ಲಿ ಈಗಾಗಲೇ ಎಷ್ಟೋ ಜನ ಹೇಳದೆ ಹೋಗಿದ್ದಾರೆ. ನೀವೂ ಆ ಪಟ್ಟಿಗೆ ಸೇರಿದಿರಿ." ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಮೇಲೆ ಗೊತ್ತಾಯಿತು, ಇದಕ್ಕೂ ಅಧ್ಯಯನ ಇದೆ. ಒಬ್ಬ ದೊಡ್ಡವರನ್ನು ಒಂದು ಮಗುವಿಗೆ ಜೋಡಿ ಮಾಡುವ ಕಾರ್ಯಕ್ರಮದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2002ರಲ್ಲಿ ಗ್ರಾಸ್‌ಮನ್ ಮತ್ತು ರೋಡ್ಸ್ ಅನ್ನುವ ಇಬ್ಬರು ಸಂಶೋಧಕರು ಬರೆದದ್ದು. ಜೋಡಿ ಒಂದು ವರ್ಷಕ್ಕಿಂತ ಜಾಸ್ತಿ ಉಳಿದರೆ ಮಕ್ಕಳಿಗೆ ಹೆಚ್ಚು ಲಾಭ. ಕೆಲವೇ ತಿಂಗಳಲ್ಲಿ ಮುರಿದರೆ ಲಾಭ ಇಲ್ಲದಿರುವುದು ಹಾಗಿರಲಿ, ಕೆಲವು ಮಕ್ಕಳಿಗೆ ತಮ್ಮ ಬಗ್ಗೆ ತಮಗಿದ್ದ ಬೆಲೆಯೇ ಕಡಿಮೆಯಾಗಿತ್ತು. ಏನೂ ಮಾಡದಿದ್ದರೇ ವಾಸಿಯಿತ್ತು ಅನ್ನುವ ಹಾಗೆ. ವಾಲಂಟಿಯರ್ ಆಗುವ ಹುಮ್ಮಸ್ಸಿನಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ. ಬಹಳ ಕಡೆ ಸೇರುವ ಮೊದಲೇ ಸೆಪ್ಟೆಂಬರ್‌ನಿಂದ ಮೇ ತನಕ ಬರುತ್ತೇನೆ ಅಂತ ಬರೆಸಿಕೊಳ್ಳುವುದು ಇದಕ್ಕೇ. ಗಣಿತದಲ್ಲಿ ಪಂಡಿತರಾಗಿದ್ದೀರಾ ಅಂತ ಯಾರೂ ಕೇಳುವುದಿಲ್ಲ. ಮಂಗಳವಾರ ಬರುತ್ತೀರಾ ಅಂತ ಕೇಳುತ್ತಾರೆ.

ಇನ್ನೂ ಕೆಲವು ನಿಯಮಗಳಿವೆ. ಪೊಲೀಸ್ ದಾಖಲೆ ತಪಾಸಣೆ ಆಗದೆ ಯಾರಿಗೂ ಮಗುವಿನ ಪಕ್ಕ ಕುರ್ಚಿ ಇಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು ಇರುವಂತಿಲ್ಲ. ಎಲ್ಲ ಜೋಡಿಗಳೂ ಒಂದೇ ದೊಡ್ಡ ಹಾಲ್‌ನಲ್ಲಿ. ಚರ್ಚ್‌ಗಳೊಳಗೇ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು ಹೊರಬಂದ ಮೇಲೆ ಈ ನಿಯಮಗಳು ಬಿಗಿಯಾದವು. ಮಗುವನ್ನು ನಮ್ಮ ಕಾರಿನಲ್ಲಿ ಮನೆಗೆ ಬಿಡುವಂತಿಲ್ಲ, ಮಳೆ ಬಂದರೂ ಸರಿ. ಊರಿನ ಅಭ್ಯಾಸ ಇರುವ ನಮಗೆ ಇದು ಕಲ್ಲುಮನಸ್ಸು ಅನ್ನಿಸುತ್ತದೆ. ಕಾರಣ ತಿಳಿದರೆ ಅನ್ನಿಸುವುದಿಲ್ಲ.

ಇಲ್ಲಿನ ಕನ್ನಡಿಗರ ಮಕ್ಕಳು ಈ ನೆಲಮಾಳಿಗೆಗೆ ಬರುವುದು ನಾನು ಕಂಡಿಲ್ಲ. ವೀಸಾದ ಮೇಲೆ ಬಂದ ಸಾಫ್ಟ್‌ವೇರ್ ಮನೆಗಳಲ್ಲಿ ದುಡ್ಡು ಕೊಟ್ಟು ಗಣಿತದ ಕ್ಲಾಸಿಗೆ ಸೇರಿಸುತ್ತಾರೆ. ವಲಸಿಗ ಅನ್ನುವ ಪದ ಒಂದೇ ಆದರೂ ಬಸ್ಸಿನಲ್ಲಿ ಬಂದಿಳಿದವನೂ ವಿಮಾನದಲ್ಲಿ ಬಂದಿಳಿದವನೂ ಒಂದೇ ಅಲ್ಲ. ಆದರೆ ಅದೇ ಕನ್ನಡಿಗರು ವಾರದ ಕೊನೆಗೆ ಇನ್ನೊಂದು ಕೊಠಡಿಯಲ್ಲಿ ಸೇರುತ್ತಾರೆ. ಅಮೆರಿಕದ ಬಹಳ ಊರುಗಳಲ್ಲಿ ಕನ್ನಡ ಕೂಟಗಳು 'ಕನ್ನಡ ಕಲಿ' ತರಗತಿ ನಡೆಸುತ್ತವೆ. ಅಲ್ಲೂ ಸಂಬಳ ಇಲ್ಲದ ಮೇಷ್ಟ್ರು, ಅಲ್ಲೂ ಮಡಚುವ ಮೇಜು. ಅಲ್ಲಿ ಮಕ್ಕಳಿಗೆ ಇಂಗ್ಲಿಷ್ ನೀರು ಕುಡಿದ ಹಾಗೆ, ಕಷ್ಟ ಬರುವುದು ಳ ಮತ್ತು ಲ ದಲ್ಲಿ. ಮಂಗಳವಾರ ಹಡಗನ್ನು ಕುರಿಯಿಂದ ಬಿಡಿಸಿ, ಭಾನುವಾರ ಹಳ್ಳಿಯನ್ನು ಹಲ್ಲಿಯಿಂದ ಬಿಡಿಸಿದ ವಾರಗಳೂ ನನಗೆ ಇದ್ದವು.

ಎರಡನೇ ವರ್ಷದ ಮೇ ತಿಂಗಳಲ್ಲಿ ಎಲ್ಲ ಮಕ್ಕಳಿಗೂ ಒಂದು ಹಾಳೆ ಕೊಟ್ಟರು. ಮುಂದಿನ ವರ್ಷ ಬರುತ್ತೀಯಾ, ಇದೇ ಮೇಷ್ಟ್ರು ಸಾಕಾ ಬೇರೆಯವರು ಬೇಕಾ, ಏನಾದರೂ ಬದಲಾಗಬೇಕಾ? ನಮ್ಮ ಹುಡುಗ ಕೈ ಅಡ್ಡ ಇಟ್ಟುಕೊಂಡು ನನಗೆ ಕಾಣದ ಹಾಗೆ ಬರೆದ. ಎಲ್ಲರೂ ಹೋದ ಮೇಲೆ ಹಾಳೆಗಳನ್ನು ಜೋಡಿಸುವಾಗ ಅವನದ್ದು ಸಿಕ್ಕಿತು. ಮೊದಲ ಎರಡಕ್ಕೆ ಸುಮ್ನೆ ಟಿಕ್ ಹಾಕಿದ್ದ, ಇದೇ ಮೇಷ್ಟ್ರು ಅನ್ನುವಲ್ಲಿ. ಕೊನೆಯದರಲ್ಲಿ ಒಂದು ಇಡೀ ವಾಕ್ಯ ಬರೆದಿದ್ದ. ತಿಂಡಿಗೆ ದಿನಾ ಆರೆಂಜ್ ಬೇಡ, ಚಿಪ್ಸ್ ಕೊಡಿ. ಆರೆಂಜ್ ಪದದ ಕೊನೆಯಲ್ಲಿ ಆ ಮೂಗ 'ಈ' ಇತ್ತು.